ಹಳೇ ಲ್ಯಾಪ್‌ಟಾಪಿನಲ್ಲಿ ಪಾರಿ/ಜಿಪಿ: ಸೋರ್ಸ್ ಕೋಡಿನಿಂದ ಮೊದಲ ಪ್ಯಾಚ್‌ವರೆಗೆ

ನಮ್ಮ ಚಿಕ್ಕಪ್ಪನ ಮಗ ರಾಯಚೂರಿನಲ್ಲಿ ಬಿಎಸ್ಸಿ ಓದುತ್ತಿದ್ದಾನೆ. ನಾನು ಪಾರಿ/ಜಿಪಿ ಎಂಬ ಗಣಿತ ಸಾಫ್ಟ್‌ವೇರಿನ ಸೋರ್ಸ್ ಕೋಡ್ (ಪ್ರೋಗ್ರಾಂ ಬರೆದ ಮೂಲ ಪಠ್ಯ) ಇಳಿಸಿಕೊಂಡು ಬಿಲ್ಡ್ ಮಾಡುತ್ತಾ, ಅಂದರೆ ಅದರಿಂದ ಓಡುವ ಪ್ರೋಗ್ರಾಂ ತಯಾರಿಸುತ್ತಾ ಕೂತಿದ್ದೆ. ಪಕ್ಕದಲ್ಲಿ ಬಂದು ನೋಡಿ ಕೇಳಿದ: "ಅಣ್ಣಾ, ಒಂದು ಕಮಾಂಡ್ ಹೊಡದ್ರ ತಾನ ಇನ್‌ಸ್ಟಾಲ್ ಆಗ್ತೈತಿ. ಇಷ್ಟೆಲ್ಲ ಯಾಕ?"

ಬರೀ ಬಳಸುವುದಕ್ಕಾದರೆ ಅವನು ಹೇಳಿದ್ದೇ ಸರಿ. ಆದರೆ ಒಳಗೆ ಏನಿದೆ ಎಂದು ನೋಡಬೇಕು, ತಪ್ಪು ಕಂಡರೆ ತಿದ್ದಬೇಕು, ನಮ್ಮದೂ ಒಂದು ಫಂಕ್ಷನ್ ಸೇರಿಸಬೇಕು ಅಂತ ಆಸೆ ಇದ್ದರೆ ಸೋರ್ಸ್‌ನಿಂದ ಬಿಲ್ಡ್ ಮಾಡಲು ಕಲಿಯಲೇಬೇಕು. ಅವನಿಗೆ ಕೂರಿಸಿಕೊಂಡು ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. 'ಆಯ್ಕೆ' ಎಂದು ಬರೆದ ಕಡೆ ಹೆಸರಿನ ಮೊದಲು ಎರಡು ಮೈನಸ್ ಗುರುತು ಹಾಕಿ, ಜಿಸಿಸಿಯ ಆಯ್ಕೆಗಳಿಗೆ ಒಂದೇ.

ಯಾವುದರಿಂದ ಶುರು ಮಾಡುವುದು

ಹೊಸಬರು ಸಾಮಾನ್ಯವಾಗಿ ಸೇಜ್‌ಮ್ಯಾಥ್‌ಗೆ ಕೈ ಹಾಕುತ್ತಾರೆ. ವಿಲಿಯಂ ಸ್ಟೈನ್ 2005ರಲ್ಲಿ ಶುರು ಮಾಡಿದ ದೊಡ್ಡ ಯೋಜನೆ ಅದು. ಹತ್ತಾರು ಗಣಿತ ಸಾಫ್ಟ್‌ವೇರ್‌ಗಳನ್ನು ಪೈಥಾನ್ ಮೂಲಕ ಒಂದೇ ಕಡೆ ಹೊಲಿದಿದ್ದಾರೆ. ಒಳ್ಳೆಯದೇ. ಆದರೆ 4 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಅದನ್ನು ಪೂರ್ತಿ ಬಿಲ್ಡ್ ಮಾಡಲು ಹೋದರೆ ಇಡೀ ದಿನ ಹೋಗುತ್ತದೆ, ಡಿಸ್ಕ್ ತುಂಬುತ್ತದೆ. ಮಧ್ಯದಲ್ಲಿ ಕೈಕೊಟ್ಟರೆ ಯಾವ ಪ್ಯಾಕೇಜ್ ಕೈಕೊಟ್ಟಿತು ಎಂದು ಹುಡುಕುವುದೇ ಒಂದು ಕೆಲಸ. ಅದು ಎರಡನೇ ವರ್ಷದ ಪಾಠ.

ಪೈಥಾನ್ ಮಾತ್ರ ಬರುತ್ತದೆ ಎನ್ನುವವರು ಸಿಂಪೈ ಎಂಬ ಪೈಥಾನ್ ಗಣಿತ ಲೈಬ್ರರಿ ನೋಡಬಹುದು. ಅದರಲ್ಲಿ ಕಂಪೈಲ್ ಮಾಡುವ ತಾಪತ್ರಯವೇ ಇಲ್ಲ.

ನನ್ನ ಆಯ್ಕೆ ಪಾರಿ/ಜಿಪಿ. ಫ್ರಾನ್ಸಿನ ಬೋರ್ಡೋದಲ್ಲಿ ಹೆನ್ರಿ ಕೋಹೆನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಟ್ಟಿದ ಸಂಖ್ಯಾ ಸಿದ್ಧಾಂತದ (ನಂಬರ್ ಥಿಯರಿ) ಸಾಫ್ಟ್‌ವೇರ್ ಇದು. ಲೈಸೆನ್ಸ್ ಜಿಪಿಎಲ್, ಅಂದರೆ ಯಾರು ಬೇಕಾದರೂ ಕೋಡ್ ಓದಿ, ತಿದ್ದಿ, ಹಂಚಬಹುದು. ಸೇಜ್‌ಮ್ಯಾಥ್ ಕೂಡ ಸಂಖ್ಯೆಗಳ ಎಷ್ಟೋ ಕೆಲಸಕ್ಕೆ ಒಳಗೊಳಗೇ ಇದನ್ನೇ ಕರೆಯುತ್ತದೆ. ಪಾರಿ ಅಂದರೆ ಸಿ ಭಾಷೆಯ ಲೈಬ್ರರಿ, ಜಿಪಿ ಅಂದರೆ ನಾವು ಟೈಪ್ ಮಾಡುವ ಕ್ಯಾಲ್ಕುಲೇಟರ್. ನನ್ನ ಹಳೇ ಯಂತ್ರದಲ್ಲೂ ಒಂದು ಚಹಾ ಕುಡಿದು ಬರುವಷ್ಟರಲ್ಲಿ ಬಿಲ್ಡ್ ಮುಗಿಯುತ್ತದೆ.

ಬೇಕಾದ ಸಾಮಾನು

ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಇದ್ದರೆ ಸಾಕು. ವಿಂಡೋಸ್ ಇರುವವರು ಡಬ್ಲ್ಯುಎಸ್‌ಎಲ್ ಹಾಕಿಕೊಂಡು ಅದರೊಳಗೆ ಉಬುಂಟು ಇಳಿಸಿ. ಆಮೇಲೆ 'ಸುಡೋ ಆಪ್ಟ್ ಇನ್‌ಸ್ಟಾಲ್' ಎಂದು ಹೊಡೆದು, ಮುಂದೆ ಈ ಐದು ಹೆಸರು ಕೊಡಿ: ಬಿಲ್ಡ್-ಎಸೆನ್ಷಿಯಲ್, ಗಿಟ್, ಬೈಸನ್, ಲಿಬ್‌ಜಿಎಂಪಿ-ಡೆವ್, ಲಿಬ್‌ರೀಡ್‌ಲೈನ್-ಡೆವ್.

ಮೊದಲನೆಯದರಲ್ಲಿ ಸಿ ಕೋಡನ್ನು ಯಂತ್ರದ ಭಾಷೆಗೆ ತರುವ ಜಿಸಿಸಿ ಕಂಪೈಲರ್ ಮತ್ತು ಆ ಕೆಲಸವನ್ನು ಸರದಿಯಲ್ಲಿ ಮಾಡಿಸುವ ಮೇಕ್ ಬರುತ್ತವೆ. ಗಿಟ್ ಅಂದರೆ ಕೋಡಿನ ಬದಲಾವಣೆಗಳ ಚರಿತ್ರೆ ಇಡುವ ಉಪಕರಣ. ಬೈಸನ್ ಬೇಕಾಗುವುದು ಗಿಟ್‌ನಿಂದ ಇಳಿಸಿದವರಿಗೆ. ಜಿಪಿ ಭಾಷೆಯ ವ್ಯಾಕರಣ ಇರುವ ಫೈಲನ್ನು ಸಿ ಕೋಡ್ ಆಗಿ ಬದಲಾಯಿಸುವುದು ಅದೇ. ರೀಡ್‌ಲೈನ್ ಇಲ್ಲದಿದ್ದರೂ ಜಿಪಿ ಓಡುತ್ತದೆ, ಆದರೆ ಮೇಲಿನ ಬಾಣದ ಗುಂಡಿ ಒತ್ತಿ ಹಿಂದಿನ ಸಾಲು ತರಲು ಆಗುವುದಿಲ್ಲ. ಅರ್ಧ ಗಂಟೆಯಲ್ಲಿ ತಲೆ ಕೆಡುತ್ತದೆ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. 'ಡೆವ್' ಎಂಬ ಬಾಲ ಇಲ್ಲದ ಪ್ಯಾಕೇಜ್ ಹಾಕಿ, "ಜಿಎಂಪಿ ಇದೆ, ಆದರೂ ಸಿಗ್ತಿಲ್ಲ ಅನ್ನುತ್ತೆ" ಎಂದು ಗೊಣಗುತ್ತಾರೆ. ಬಾಲ ಇಲ್ಲದ್ದು ಪ್ರೋಗ್ರಾಂ ಓಡಿಸಲು ಮಾತ್ರ. ಕಂಪೈಲ್ ಮಾಡಲು ಹೆಡರ್ ಫೈಲ್ (ಲೈಬ್ರರಿಯಲ್ಲಿ ಯಾವ ಫಂಕ್ಷನ್ ಇವೆ ಎಂದು ಕಂಪೈಲರ್‌ಗೆ ಹೇಳುವ ಫೈಲ್) ಬೇಕು, ಅದು ಬರುವುದು ಡೆವ್ ಪ್ಯಾಕೇಜಿನಲ್ಲಿ.

ಈ ಜಿಎಂಪಿ ಯಾಕೆ ಮುಖ್ಯ? ನೂರು, ಸಾವಿರ, ಲಕ್ಷ ಅಂಕಿಗಳ ಸಂಖ್ಯೆಗಳನ್ನು ಗುಣಿಸುವ ಕೂಲಿ ಕೆಲಸ ಅದರದ್ದು. ಟಾರ್ಬ್ಯೋರ್ನ್ ಗ್ರಾನ್‌ಲುಂಡ್ 1991ರಲ್ಲಿ ಮೊದಲ ಆವೃತ್ತಿ ಬಿಟ್ಟರು. ಒಂದೊಂದು ಪ್ರೊಸೆಸರ್‌ಗೂ ಬೇರೆ ಬೇರೆ ಅಸೆಂಬ್ಲಿ ಕೋಡ್ ಅದರಲ್ಲಿದೆ. ಜಿಎಂಪಿಯನ್ನೂ ಸೋರ್ಸ್‌ನಿಂದಲೇ ಬಿಲ್ಡ್ ಮಾಡಬಹುದು. 'ಎಂ4' ಎಂಬ ಪ್ಯಾಕೇಜ್ ಹಾಕಿಕೊಂಡು, ಕಾನ್ಫಿಗರ್ (ಯಂತ್ರದಲ್ಲಿ ಏನೇನಿದೆ ಎಂದು ನೋಡಿ ಬಿಲ್ಡ್‌ಗೆ ಸಿದ್ಧ ಮಾಡುವ ಸ್ಕ್ರಿಪ್ಟ್), ಮೇಕ್, 'ಮೇಕ್ ಚೆಕ್' ಇಷ್ಟನ್ನು ಒಂದರ ಹಿಂದೆ ಒಂದು ಓಡಿಸಿದರೆ ಆಯಿತು. ಆದರೆ ನಿಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಿದ ಜಿಎಂಪಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಇನ್ನೂ ಹಳೇ ಯಂತ್ರಕ್ಕೆ ಒಯ್ದರೆ ಅಲ್ಲಿ ಅದು ಶುರುವಾಗುತ್ತಲೇ ಸತ್ತುಹೋಗಬಹುದು. ನಿಮ್ಮ ಪ್ರೊಸೆಸರ್‌ನ ಸೂಚನೆಗಳು ಆ ಹಳೇ ಯಂತ್ರಕ್ಕೆ ಅರ್ಥವಾಗದಿರಬಹುದು ನೋಡಿ. ಹಂಚಬೇಕಿದ್ದರೆ ಕಾನ್ಫಿಗರ್‌ಗೆ 'ಎನೇಬಲ್-ಫ್ಯಾಟ್' ಆಯ್ಕೆ ಕೊಡಿ.

ಸೋರ್ಸ್ ಇಳಿಸುವುದು

ಬೋರ್ಡೋ ವಿಶ್ವವಿದ್ಯಾಲಯದ ಪಾರಿ ತಾಣದಲ್ಲಿ ಗಿಟ್ ವಿಳಾಸವೂ ಇದೆ, ಎಲ್ಲವನ್ನೂ ಒಂದೇ ಗಂಟು ಕಟ್ಟಿದ ಟಾರ್ ಫೈಲೂ ಇದೆ. ಮೊಬೈಲ್ ಡೇಟಾದಲ್ಲಿ ಕೆಲಸ ಮಾಡುವವರು ಇಲ್ಲೊಂದು ಲೆಕ್ಕ ಹಾಕಬೇಕು. 'ಗಿಟ್ ಕ್ಲೋನ್' ಮಧ್ಯದಲ್ಲಿ ಕಡಿದರೆ ಮತ್ತೆ ಮೊದಲಿನಿಂದ. ಟಾರ್ ಫೈಲನ್ನು 'ಡಬ್ಲ್ಯುಗೆಟ್ ಮೈನಸ್ ಸಿ' ಎಂದು ಇಳಿಸಿದರೆ ಕಡಿದ ಜಾಗದಿಂದಲೇ ಮುಂದುವರಿಯುತ್ತದೆ. ಬಿಲ್ಡ್ ಕಲಿಯಲಷ್ಟೇ ಟಾರ್ ಸಾಕು. ಪ್ಯಾಚ್ (ನಾವು ಮಾಡಿದ ತಿದ್ದುಪಡಿಯ ಫೈಲ್) ಕಳಿಸುವ ಮನಸ್ಸಿದ್ದರೆ ಗಿಟ್ಟೇ ಬೇಕು. ಆಗ ಕ್ಲೋನ್ ಜೊತೆ 'ಡೆಪ್ತ್ 1' ಆಯ್ಕೆ ಕೊಡಿ, ಇತ್ತೀಚಿನ ಸ್ಥಿತಿ ಮಾತ್ರ ಇಳಿಯುತ್ತದೆ. ಹಳೇ ಚರಿತ್ರೆ ಬೇಕಾದಾಗ, ವೈಫೈ ಸಿಕ್ಕ ದಿನ, 'ಗಿಟ್ ಫೆಚ್ ಮೈನಸ್ ಮೈನಸ್ ಅನ್‌ಶಾಲೋ' ಮಾಡಿಕೊಳ್ಳಿ.

ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಬೇಡ. ಪಾರಿಗೆ ಮಾತ್ರ ಅಲ್ಲ, ಮೇಕ್ ಬಳಸುವ ಯಾವುದಕ್ಕೂ ಬೇಡ.

ಬಿಲ್ಡ್

ಫೋಲ್ಡರ್ ಒಳಗೆ ಹೋಗಿ ಡಾಟ್, ಸ್ಲ್ಯಾಶ್, 'ಕಾನ್ಫಿಗರ್' ಎಂದು ಹೊಡೆಯಿರಿ. ಇಲ್ಲಿ ಮೊದಲ ಅಕ್ಷರ ದೊಡ್ಡದು. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಸಣ್ಣಕ್ಷರದ ಕಾನ್ಫಿಗರ್ ಹೊಡೆದು ರೂಢಿ ಇದ್ದವರು ಪಾರಿಯಲ್ಲಿ "ಅಂಥ ಫೈಲೇ ಇಲ್ಲ" ಎಂಬ ಉತ್ತರ ನೋಡಿ ಗಾಬರಿಯಾಗುತ್ತಾರೆ. ಇನ್‌ಸ್ಟಾಲ್ ಮಾಡಲು ಸುಡೋ (ಅಡ್ಮಿನ್ ಅಧಿಕಾರ) ಬೇಡ ಅಂದರೆ 'ಪ್ರಿಫಿಕ್ಸ್' ಆಯ್ಕೆಯಲ್ಲಿ ನಿಮ್ಮ ಮನೆ ಫೋಲ್ಡರಿನೊಳಗಿನ ಒಂದು ಜಾಗ ಕೊಡಿ. ಕಾಲೇಜು ಲ್ಯಾಬಿನ ಯಂತ್ರಗಳಲ್ಲಿ ಇದೊಂದೇ ದಾರಿ.

ಕಾನ್ಫಿಗರ್ ಬರೆಯುವ ಸಾಲುಗಳನ್ನು ಓದಿ. ಯಾರೂ ಓದುವುದಿಲ್ಲ, ನಾನೂ ಮೊದಮೊದಲು ಓದುತ್ತಿರಲಿಲ್ಲ. ಜಿಎಂಪಿ ಸಿಕ್ಕಿತೇ, ರೀಡ್‌ಲೈನ್ ಸಿಕ್ಕಿತೇ ಎಂದು ಅದು ಅಲ್ಲೇ ಹೇಳುತ್ತದೆ. ಸಿಗದಿದ್ದರೆ ಬಿಲ್ಡ್ ನಿಲ್ಲುವುದಿಲ್ಲ. ಇದ್ದದ್ದರಲ್ಲೇ ಸುಮ್ನೆ ಮುಂದಕ್ಕೆ ಹೋಗುತ್ತದೆ. ಅದೇ ಅಪಾಯ.

ಆಮೇಲೆ 'ಮೇಕ್ ಮೈನಸ್ ಜೆ2 ಜಿಪಿ'. ಜೆ ಮುಂದಿನ ಅಂಕಿ ಅಂದರೆ ಒಟ್ಟಿಗೆ ಎಷ್ಟು ಕೆಲಸ ನಡೆಯಲಿ ಎಂಬುದು. ನಾಲ್ಕು ಕೋರ್ ಇದ್ದರೆ 4 ಕೊಡಿ ಎಂದು ಎಲ್ಲ ಕಡೆ ಬರೆದಿರುತ್ತದೆ. ಆದರೆ ಏಪ್ರಿಲ್-ಮೇನಲ್ಲಿ ರಾಯಚೂರು 40 ಡಿಗ್ರಿ ದಾಟಿರುತ್ತದೆ. ಲ್ಯಾಪ್‌ಟಾಪ್ ಕಾದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಗ ಜೆ4 ಹಾಕಿದರೂ ಜೆ2 ಹಾಕಿದರೂ ಹೆಚ್ಚು ಕಮ್ಮಿ ಒಂದೇ ಹೊತ್ತು. ಎರಡು ಕಟ್ಟಿಗೆ ತುಂಡಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೆಳಗೆ ಗಾಳಿ ಆಡುವಂತೆ ಮಾಡಿ. ದೊಡ್ಡ ಬಿಲ್ಡ್ ಇದ್ದರೆ ಬೆಳಗಿನ ಜಾವ ಹಚ್ಚಿ.

ನಡುವೆ ಕರೆಂಟ್ ಹೋದರೆ

ಊರಿನ ಹತ್ತಿರವೇ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರ ಇದೆ ಎಂದು ಎಷ್ಟು ಹೆಮ್ಮೆ ಪಟ್ಟರೂ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಕರೆಂಟ್ ಹೋಗುವುದು ಹೋಗುತ್ತದೆ. ಬ್ಯಾಟರಿ ಸತ್ತಿರುವ ಹಳೇ ಲ್ಯಾಪ್‌ಟಾಪ್ ಆದರೆ ತಟ್ಟನೆ ಆಫ್.

ಮೇಕ್ ಕೆಲಸ ಮಾಡುವ ರೀತಿ ತಿಳಿದಿದ್ದರೆ ಇಲ್ಲಿ ಗಾಬರಿ ಇಲ್ಲ. ಅದು ಫೈಲ್‌ಗಳ ಹೊತ್ತು ನೋಡುತ್ತದೆ. ಸಿ ಫೈಲ್‌ಗಿಂತ ಅದನ್ನು ಕಂಪೈಲ್ ಮಾಡಿ ಬಂದ 'ಡಾಟ್ ಓ' ಫೈಲ್ ಹೊಸದಾಗಿದ್ದರೆ "ಇದು ಆಗಿದೆ" ಎಂದು ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಕರೆಂಟ್ ಬಂದ ಮೇಲೆ ಅದೇ ಕಮಾಂಡ್ ಮತ್ತೆ ಹೊಡೆದರೆ ಉಳಿದದ್ದು ಮಾತ್ರ ಆಗುತ್ತದೆ.

ಆದರೆ ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಡಾಟ್ ಓ ಫೈಲ್ ಅರ್ಧಂಬರ್ಧ ಉಳಿದಿರಬಹುದು. ಕೆಲವು ಸಲ ಗಾತ್ರ ಸೊನ್ನೆ. ಮೇಕ್‌ಗೆ ಅದು ಹೊಸ ಫೈಲ್, ಅಂದರೆ ಮುಗಿದ ಕೆಲಸ. ಕೊನೆಗೆ ಎಲ್ಲವನ್ನೂ ಜೋಡಿಸುವಾಗ ಫೈಲ್ ಗುರುತು ಸಿಗುತ್ತಿಲ್ಲ, ಮೊಟಕಾಗಿದೆ ಎಂದು ದೂರು ಬರುತ್ತದೆ. ನಾನು ಒಂದು ಸಲ ಅರ್ಧ ದಿನ ಕಂಪೈಲರನ್ನು ಬೈದುಕೊಂಡು ಕೂತಿದ್ದೆ. ಮದ್ದು ಸುಲಭ. ಪಾರಿ ತನ್ನ ಕೆಲಸವನ್ನೆಲ್ಲ 'ಓ' ದೊಡ್ಡಕ್ಷರದಿಂದ ಶುರುವಾಗುವ ಒಂದು ಫೋಲ್ಡರಿನಲ್ಲಿ ಮಾಡುತ್ತದೆ. ಸಾಮಾನ್ಯ 64-ಬಿಟ್ ಯಂತ್ರದಲ್ಲಿ ಅದರ ಹೆಸರಿನಲ್ಲಿ ಲಿನಕ್ಸ್ ಮತ್ತು ಎಕ್ಸ್86 ಇರುತ್ತವೆ. ಆ ಫೋಲ್ಡರನ್ನೇ ಅಳಿಸಿ, ಕಾನ್ಫಿಗರ್‌ನಿಂದ ಮತ್ತೆ ಶುರು ಮಾಡಿ. ಸೋರ್ಸ್‌ಗೆ ಏನೂ ಆಗುವುದಿಲ್ಲ.

ಇನ್ನೊಂದು ಕಾಟ ಗಡಿಯಾರದ್ದು. ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತಿದ್ದರೆ ಯಂತ್ರ ಎದ್ದಾಗ ದಿನಾಂಕ ವರ್ಷಗಟ್ಟಲೆ ಹಿಂದೆ ಇರುತ್ತದೆ. ಮೊನ್ನೆ ಇಳಿಸಿದ ಫೈಲ್‌ಗಳು ಭವಿಷ್ಯದಿಂದ ಬಂದವು ಎಂದು ಮೇಕ್ ತಿಳಿಯುತ್ತದೆ. 'ಕ್ಲಾಕ್ ಸ್ಕ್ಯೂ' ಎಂಬ ಎಚ್ಚರಿಕೆ ಕಂಡರೆ ಬಿಲ್ಡ್ ನಿಲ್ಲಿಸಿ, ದಿನಾಂಕ ಸರಿ ಮಾಡಿ. ಬ್ಯಾಟರಿ ಅಂಗಡಿಯಲ್ಲಿ 'ಸಿಆರ್2032' ಅಂದರೆ ಕೊಡುತ್ತಾರೆ.

ಕಾಟಾ ಸರಿ ಇದೆಯೇ?

ಹತ್ತಿ ಮಾರಲು ಎಪಿಎಂಸಿಗೆ ಹೋದ ನಮ್ಮಪ್ಪ ಚೀಲ ಇಡುವ ಮೊದಲು ಗೊತ್ತಿರುವ ತೂಕದ ಕಲ್ಲನ್ನು ಕಾಟಾದ ಮೇಲೆ ಇಡಿಸಿ ನೋಡುತ್ತಿದ್ದರು. ವ್ಯಾಪಾರಿ ಮುಖ ಗಂಟಿಕ್ಕಿದರೂ ಸರಿ. ಬಿಲ್ಡ್ ಆದ ಗಣಿತ ಸಾಫ್ಟ್‌ವೇರ್‌ಗೂ ಮೊದಲು ಇದೇ ಆಗಬೇಕು. ಕ್ರ್ಯಾಶ್ ಆಗುವ ಪ್ರೋಗ್ರಾಂ ಪರವಾಗಿಲ್ಲ, ಅದು ಕೆಟ್ಟಿದೆ ಎಂದು ಗೊತ್ತಾಗುತ್ತದೆ. ತಪ್ಪು ಉತ್ತರವನ್ನು ಧೈರ್ಯವಾಗಿ ಕೊಡುವುದಕ್ಕೇ ಹೆದರಬೇಕು. 1994ರಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಅವಳಿ ಅವಿಭಾಜ್ಯಗಳ ಲೆಕ್ಕ ಹಾಕುವಾಗ ಉತ್ತರ ತಾಳೆಯಾಗಲಿಲ್ಲ. ಹುಡುಕುತ್ತಾ ಹೋದರೆ ಸಿಕ್ಕಿದ್ದು ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲೇ ಇದ್ದ ದೋಷ. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಆ ಚಿಪ್ 1.33374 ಕೊಡುತ್ತಿತ್ತು.

ಪಾರಿಯಲ್ಲಿ ಈ ಪರೀಕ್ಷೆಯ ಹೆಸರು 'ಮೇಕ್ ಬೆಂಚ್'. ಸೋರ್ಸ್ ಫೋಲ್ಡರಿನ ಟೆಸ್ಟ್ ಭಾಗದಲ್ಲಿ 'ಇನ್' ಎಂಬ ಫೋಲ್ಡರ್ ಇದೆ, ಅದರಲ್ಲಿ ಪ್ರಶ್ನೆಗಳು. '32' ಎಂಬ ಫೋಲ್ಡರಿನಲ್ಲಿ ಬರಬೇಕಾದ ಉತ್ತರಗಳು. ಬೆಂಚ್ ಎರಡನ್ನೂ ಹೋಲಿಸುತ್ತದೆ. ಒಂದೇ ಒಂದು ಅಕ್ಷರ ಬೇರೆ ಬಂದರೂ 'ಬಗ್' ಎಂದು ತೋರಿಸಿ, ವ್ಯತ್ಯಾಸವನ್ನು ಬೇರೆ ಫೈಲಿನಲ್ಲಿ ಬರೆದಿಡುತ್ತದೆ. ಜಿಎಂಪಿಯ ಮೇಕ್ ಚೆಕ್ ಕೂಡ ಇದೇ. ಕಂಪೈಲರ್ ದೋಷದಿಂದ ಜಿಎಂಪಿ ತಪ್ಪಾಗಿ ಬಿಲ್ಡ್ ಆಗುವುದುಂಟು, ಚೆಕ್ ಬಿಡಬೇಡಿ ಎಂದು ಅದರ ಕೈಪಿಡಿಯೇ ಒತ್ತಿ ಹೇಳುತ್ತದೆ. ಪರೀಕ್ಷೆ ಬಿಟ್ಟು ಮುಂದೆ ಹೋಗುವವರು ಆಪ್ಟ್‌ನಿಂದಲೇ ಹಾಕಿಕೊಳ್ಳುವುದು ಮೇಲು.

ಬೆಂಚ್ ಪಾಸಾದ ಮೇಲೆ ಆ ಓ ಫೋಲ್ಡರಿನಲ್ಲಿರುವ ಜಿಪಿ ಓಡಿಸಿ. ಮೊದಲು ಕಾಣುವ ಬ್ಯಾನರ್ ಓದಿ. ಕರ್ನಲ್ ಎಂಬ ಪದದ ಪಕ್ಕ ಜಿಎಂಪಿ ಹೆಸರು ಇದೆಯೇ? ಇಲ್ಲದಿದ್ದರೆ ಕಾನ್ಫಿಗರ್‌ಗೆ ಅದು ಸಿಕ್ಕಿಲ್ಲ, ದೊಡ್ಡ ಗುಣಾಕಾರ ನಿಧಾನ ಆಗುತ್ತದೆ. 'ವಿತ್-ಜಿಎಂಪಿ' ಆಯ್ಕೆ ಕೊಟ್ಟು ಮತ್ತೆ ಕಾನ್ಫಿಗರ್ ಮಾಡಿ. ರೀಡ್‌ಲೈನ್ ಬಂದಿದೆಯೇ ಎಂಬುದೂ ಅದೇ ಬ್ಯಾನರಿನಲ್ಲಿದೆ.

ಈಗ ನಿಮ್ಮದೇ ಒಂದು ಕಲ್ಲು ಇಡಿ. 'ಫ್ಯಾಕ್ಟರ್(2^67-1)' ಎಂದು ಹೊಡೆಯಿರಿ. ಆ ಸಂಖ್ಯೆಯ ಅಪವರ್ತನಗಳಾದ 193707721 ಮತ್ತು 761838257287 ಬರಬೇಕು. 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅಮೆರಿಕದ ಗಣಿತ ಸಭೆಯೊಂದರಲ್ಲಿ ಒಂದು ಮಾತೂ ಆಡದೆ ಈ ಎರಡನ್ನು ಹಲಗೆಯ ಮೇಲೆ ಗುಣಿಸಿ ತೋರಿಸಿ ಹೋಗಿ ಕೂತರಂತೆ. ಎಷ್ಟು ದಿನ ಹಿಡಿಯಿತು ಎಂದು ಕೇಳಿದ್ದಕ್ಕೆ ಮೂರು ವರ್ಷದ ಭಾನುವಾರಗಳು ಎಂದರಂತೆ. ನಿಮ್ಮ ಯಂತ್ರ ಎಂಟರ್ ಒತ್ತಿದ ಬೆರಳು ಎತ್ತುವಷ್ಟರಲ್ಲಿ ಹೇಳುತ್ತದೆ.

ನಿಮ್ಮ ಮೊದಲ ಫಂಕ್ಷನ್

ಸಿ ಕೋಡಿಗೆ ಕೈ ಹಾಕುವ ಮೊದಲು ಜಿಪಿ ಭಾಷೆಯಲ್ಲೇ ಬರೆದು ನೋಡಿ. ನಾನು ತಮ್ಮನಿಗೆ ಕೊಟ್ಟ ಲೆಕ್ಕ ಕಾಪ್ರೇಕರ್ ಅವರದು. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ನಾಲ್ಕಂಕಿಯ ಸಂಖ್ಯೆ ತಗೊಳ್ಳಿ, ಎಲ್ಲ ಅಂಕಿಗಳೂ ಒಂದೇ ಆಗಿರಬಾರದು. ಇಳಿಕೆಯಲ್ಲಿ ಜೋಡಿಸಿದ್ದರಿಂದ ಏರಿಕೆಯಲ್ಲಿ ಜೋಡಿಸಿದ್ದನ್ನು ಕಳೆಯಿರಿ. ಬಂದದ್ದಕ್ಕೂ ಹಾಗೇ ಮಾಡಿ. ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ನಿಲ್ಲುತ್ತದೆ.

ತಮ್ಮ ಹತ್ತು ನಿಮಿಷದಲ್ಲಿ ಬರೆದ. 'ಡಿಜಿಟ್ಸ್' ಫಂಕ್ಷನ್ ಅಂಕಿಗಳನ್ನು ಬಿಡಿಸುತ್ತದೆ, 'ವೆಕ್‌ಸಾರ್ಟ್' ಜೋಡಿಸುತ್ತದೆ, 'ಫ್ರಮ್‌ಡಿಜಿಟ್ಸ್' ಮತ್ತೆ ಸಂಖ್ಯೆ ಮಾಡುತ್ತದೆ. 3524 ಕೊಟ್ಟು ನೋಡಿದ: 3087, 8352, 6174. "ಬಂತಣ್ಣಾ!"

1000ದಿಂದ 9999ರವರೆಗೆ ಎಲ್ಲಕ್ಕೂ ಓಡಿಸು, ಸೊನ್ನೆಗೆ ಬಂದು ನಿಲ್ಲುವುದು ಎಷ್ಟು ಎಂದು ಎಣಿಸು ಅಂದೆ. 1111, 2222 ಹೀಗೆ 9 ಬರಬೇಕು. ಬಂದದ್ದು 77.

ಅವನು ಮೊದಲು ಬಿಲ್ಡ್ ಮೇಲೆ ಅನುಮಾನ ಪಟ್ಟ. ಬೆಂಚ್ ಪಾಸಾಗಿದೆಯಲ್ಲ, ಹಾಗಾದರೆ ತಪ್ಪು ನಿನ್ನದೇ ಎಂದೆ. ಹುಡುಕಿದಾಗ ಸಿಕ್ಕಿದ್ದು ಸೊನ್ನೆಯ ಆಟ. 1000 ತಗೊಳ್ಳಿ. 1000ದಿಂದ 0001 ಕಳೆದರೆ 999. ಇದನ್ನು 0999 ಎಂದು ನೋಡಿದರೆ ಮುಂದೆ 9990ರಿಂದ 0999 ಕಳೆದು 8991 ಬರುತ್ತದೆ, ಲೆಕ್ಕ ಸಾಗುತ್ತದೆ. ಆದರೆ ಡಿಜಿಟ್ಸ್ ಫಂಕ್ಷನ್ ಮೂರು ಒಂಬತ್ತುಗಳನ್ನು ಮಾತ್ರ ಕೊಡುತ್ತದೆ. 999ರಿಂದ 999 ಕಳೆದರೆ ಸೊನ್ನೆ! 2111, 7778 ಹೀಗೆ ಮೂರು ಅಂಕಿ ಒಂದೇ ಇದ್ದು, ನಾಲ್ಕನೆಯದು ಒಂದರಷ್ಟೇ ಬೇರೆ ಇರುವ 68 ಸಂಖ್ಯೆಗಳೂ ಈ ಗುಂಡಿಗೆ ಬೀಳುತ್ತವೆ. ಬೇರೆ ಯಾವುದೂ ಬೀಳುವುದಿಲ್ಲ. ಅದಕ್ಕೇ 3524 ಕೊಟ್ಟಾಗ ಗೊತ್ತಾಗಲಿಲ್ಲ.

ತಿದ್ದುವುದು ಒಂದು ಸಾಲು. ಸಂಖ್ಯೆಗೆ 10000 ಕೂಡಿಸಿ ಡಿಜಿಟ್ಸ್ ತೆಗೆದು, ಮೊದಲ ಅಂಕಿ ಬಿಟ್ಟುಬಿಡುವುದು. ಆಗ ಮುಂದಿನ ಸೊನ್ನೆಗಳು ಕಳೆದುಹೋಗುವುದಿಲ್ಲ. ಮತ್ತೆ ಎಣಿಸಿದ: 9.

ಈ ಎಣಿಕೆಯನ್ನು ಅಳಿಸಬೇಡಿ. ಅದನ್ನೇ ಒಂದು ಸಣ್ಣ ಫೈಲಿನಲ್ಲಿ ಬರೆದು, ಉತ್ತರ 9 ಎಂದು ಇನ್ನೊಂದು ಫೈಲಿನಲ್ಲಿ ಇಡಿ. ಪಾರಿಯ ಟೆಸ್ಟ್ ಫೋಲ್ಡರಿನಲ್ಲಿ ಇರುವುದೂ ಇಂಥವೇ. ಹಳೇ ತಪ್ಪು ಮತ್ತೆ ನುಸುಳದ ಹಾಗೆ ಬಾಗಿಲಲ್ಲಿ ಕೂರಿಸಿದ ಕಾವಲುಗಾರ.

ಸಿ ಭಾಷೆಗೆ ಇಳಿಯುವುದು

ಜಿಪಿ ಕೋಡನ್ನು ಸಿ ಕೋಡ್ ಮಾಡಿಕೊಡುವ 'ಜಿಪಿ2ಸಿ' ಎಂಬ ಉಪಕರಣವನ್ನು ಪಾರಿ ತಂಡವೇ ಕೊಡುತ್ತದೆ. ಬೇರೆಯಾಗಿ ಇಳಿಸಬೇಕು. ಅದು ಬರೆದ ಸಿ ಓದುವುದೇ ಒಳ್ಳೆಯ ಪಾಠ.

ಕೈಯಾರೆ ಬರೆಯುವವರು ತಿಳಿಯಬೇಕಾದ ದೊಡ್ಡ ವಿಷಯ ಸ್ಟ್ಯಾಕ್, ಅಂದರೆ ಲೆಕ್ಕದ ಸಂಖ್ಯೆಗಳನ್ನು ಪೇರಿಸಿಡುವ ಮೆಮೊರಿಯ ಜಾಗ. ಪಾರಿಯಲ್ಲಿ ಪ್ರತಿ ಸಂಖ್ಯೆಯೂ 'ಜೆನ್' ಎಂಬ ಬಗೆಯದು, ಎಲ್ಲವೂ ಒಂದೇ ಸ್ಟ್ಯಾಕ್ ಮೇಲೆ ಕೂರುತ್ತವೆ. ಒಂದು ಉತ್ತರ ಬರುವಷ್ಟರಲ್ಲಿ ನಡುವಿನ ನೂರಾರು ಸಂಖ್ಯೆಗಳು ರಾಶಿ ಬಿದ್ದಿರುತ್ತವೆ. ಫಂಕ್ಷನ್ ಶುರುವಿನಲ್ಲಿ ಸ್ಟ್ಯಾಕ್ ಎಲ್ಲಿತ್ತು ಎಂದು ಗುರುತು ಹಾಕಿಕೊಂಡು, ಕೊನೆಗೆ ಬೇಕಾದ ಒಂದನ್ನು ಉಳಿಸಿ ಉಳಿದದ್ದನ್ನು ತೆರವು ಮಾಡಬೇಕು. ಇದನ್ನು ಮಾಡುವ ಫಂಕ್ಷನ್‌ಗಳ ಗುಂಪಿಗೆ 'ಗೆರೆಪೈಲ್' ಎಂದು ಹಳೇ ಹೆಸರು. ಫ್ರೆಂಚ್‌ನಲ್ಲಿ ರಾಶಿ ನಿಭಾಯಿಸು ಎಂದರ್ಥ. ಹೊಸ ಆವೃತ್ತಿಗಳಲ್ಲಿ ಬೇರೆ ಹೆಸರೂ ಕಾಣುತ್ತದೆ, ಕೆಲಸ ಅದೇ. ಮರೆತರೆ ಉತ್ತರ ತಪ್ಪುವುದಿಲ್ಲ, ಆದರೆ ದೊಡ್ಡ ಲೆಕ್ಕದಲ್ಲಿ ಸ್ಟ್ಯಾಕ್ ತುಂಬಿ ನಿಲ್ಲುತ್ತದೆ. ತಪ್ಪು ಜಾಗದಲ್ಲಿ ಮಾಡಿದರೆ ಬೇಕಾದ ಸಂಖ್ಯೆಯೇ ಅಳಿದು ವಿಚಿತ್ರ ಉತ್ತರ ಬರುತ್ತದೆ. ನನ್ನ ಸಿ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟಿದ್ದು.

ಕಾಪ್ರೇಕರ್ ಲೆಕ್ಕಕ್ಕೆ ಇದೆಲ್ಲ ಬೇಡ, ಸಣ್ಣ ಸಂಖ್ಯೆಗಳು. ಮಾಮೂಲಿ ಸಿ ಫಂಕ್ಷನ್ ಬರೆದು, ಜಿಸಿಸಿಗೆ 'ಶೇರ್ಡ್' ಮತ್ತು 'ಎಫ್‌ಪಿಐಸಿ' ಆಯ್ಕೆ ಕೊಟ್ಟು ಲೈಬ್ರರಿ ಮಾಡಿ. ಜಿಪಿಯೊಳಗೆ 'ಇನ್‌ಸ್ಟಾಲ್' ಫಂಕ್ಷನ್‌ಗೆ ಹೆಸರು, ಪ್ರೋಟೋಟೈಪ್, ಲೈಬ್ರರಿಯ ದಾರಿ ಕೊಡಿ. ಪ್ರೋಟೋಟೈಪ್ ಎರಡೇ ಅಕ್ಷರ: ಸಣ್ಣ ಎಲ್, ದೊಡ್ಡ ಎಲ್. ಮೊದಲನೆಯದು ಉತ್ತರ ಸಾಮಾನ್ಯ ಪೂರ್ಣಾಂಕ ಎಂದೂ, ಎರಡನೆಯದು ಒಳಗೆ ಹೋಗುವುದೂ ಅದೇ ಎಂದೂ ಹೇಳುತ್ತವೆ. ಆಮೇಲೆ ಮತ್ತೆ ಅದೇ ಎಣಿಕೆ ಓಡಿಸಿ. 9 ಬರಬೇಕು.

ಪ್ಯಾಚ್

ಕಾಪ್ರೇಕರ್ ಫಂಕ್ಷನನ್ನು ದಯವಿಟ್ಟು ಬೋರ್ಡೋಗೆ ಕಳಿಸಬೇಡಿ. ಅವರಿಗೆ ಬೇಡ. ಮೊದಲ ಪ್ಯಾಚ್ ದಾಖಲೆಯ ತಿದ್ದುಪಡಿ ಆಗಿರಲಿ. ಸೋರ್ಸ್‌ನ 'ಫಂಕ್ಷನ್ಸ್' ಫೋಲ್ಡರಿನಲ್ಲಿ ಪ್ರತಿ ಫಂಕ್ಷನ್‌ಗೂ ಒಂದೊಂದು ಫೈಲ್ ಇದೆ. ಅದರಲ್ಲಿ ಹೆಸರು, ಸಿ ಹೆಸರು, ಪ್ರೋಟೋಟೈಪ್, ಹೆಲ್ಪ್, ಡಾಕ್ ಎಂದು ಸಾಲುಗಳು. ಹೆಲ್ಪ್ ಸಾಲು ಜಿಪಿಯಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದಾಗ ಕಾಣುವುದು. ಡಾಕ್ ಭಾಗ ಟೆಕ್ ಎಂಬ ಅಕ್ಷರ ಜೋಡಣೆಯ ಭಾಷೆಯಲ್ಲಿ ಬರೆದ ದೊಡ್ಡ ವಿವರಣೆ. ನಿಮಗೆ ಅರ್ಥವಾಗದೆ ತಲೆ ಕೆರೆದುಕೊಂಡ ಫಂಕ್ಷನ್ ಯಾವುದು? ಅಲ್ಲಿ ಒಂದು ಉದಾಹರಣೆ ಸೇರಿಸಿ. ಉದಾಹರಣೆಯ ಉತ್ತರವನ್ನು ಜಿಪಿಯಲ್ಲಿ ಓಡಿಸಿ, ಅಲ್ಲಿಂದಲೇ ನಕಲು ಮಾಡಿ. ನೆನಪಿನಿಂದ ಬರೆಯಬೇಡಿ.

ಗಿಟ್‌ನಲ್ಲಿ ಬೇರೆ ಬ್ರ್ಯಾಂಚ್ (ಕೋಡಿನ ಪ್ರತ್ಯೇಕ ಕವಲು) ಮಾಡಿಕೊಂಡು ಕೆಲಸ ಮಾಡಿ. ಒಂದು ಪ್ಯಾಚ್‌ನಲ್ಲಿ ಒಂದೇ ವಿಷಯ. ಖಾಲಿ ಜಾಗ ಸರಿ ಮಾಡುವುದು, ಜೊತೆಗೆ ಇನ್ನೊಂದು ಕಡೆ ಕಾಗುಣಿತ ತಿದ್ದುವುದು ಇವನ್ನೆಲ್ಲ ಒಟ್ಟಿಗೆ ತುರುಕಿದರೆ ಓದುವವರಿಗೆ ಬೇಜಾರು. ಮತ್ತೆ ಮೇಕ್, ಮತ್ತೆ ಬೆಂಚ್. ದಾಖಲೆ ಮಾತ್ರ ತಿದ್ದಿದ್ದು, ಬೆಂಚ್ ಯಾಕೆ ಅಂತೀರಾ? ಹೆಲ್ಪ್ ಸಾಲುಗಳೂ ಬಿಲ್ಡ್‌ನ ಭಾಗವೇ, ಒಂದು ಅಲ್ಪವಿರಾಮ ತಪ್ಪಿದರೂ ಕಂಪೈಲ್ ನಿಲ್ಲಬಹುದು.

ಕಮಿಟ್ ಮಾಡಿದ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿದ ಮೇಲೆ 'ಗಿಟ್ ಫಾರ್ಮ್ಯಾಟ್-ಪ್ಯಾಚ್' ಹೊಡೆದರೆ 0001 ಎಂದು ಶುರುವಾಗುವ ಒಂದು ಫೈಲ್ ಬರುತ್ತದೆ. ಅದನ್ನು ಡೆವಲಪರ್‌ಗಳ ವಿಳಾಸಕ್ಕೆ ಇಮೇಲ್‌ಗೆ ಲಗತ್ತಿಸಿ ಕಳಿಸುವುದು. ಎರಡು ಸಾಲು ಇಂಗ್ಲಿಷ್ ಸಾಕು: ಏನು ಗೊಂದಲ ಇತ್ತು, ಏನು ಬದಲಾಯಿಸಿದೆ. ಕಳಿಸುವ ಮೊದಲು ಆ ಫೈಲನ್ನು ಒಮ್ಮೆ ತೆರೆದು ಮೇಲಿನ ಸಾಲು ನೋಡಿ. ಗಿಟ್‌ಗೆ ಹೆಸರು ಹೇಳಿರದಿದ್ದರೆ ಅದು ಕಂಪ್ಯೂಟರಿನ ಲಾಗಿನ್ ಹೆಸರನ್ನೇ ಹಾಕಿಬಿಡಬಹುದು. ತಮ್ಮನ ಮೊದಲ ಪ್ಯಾಚ್ ಹಾಗೇ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಹೋಗುವುದರಲ್ಲಿತ್ತು.